ಬೆಸ್ಸಿಯ ಪಾಲು

ಮೊನ್ನೆ ಕ್ಯಾಲಿಫೋರ್ನಿಯಾದ ಮಾರ್ಗನ್ ಹಿಲ್ಲಿನಲ್ಲಿ ಪರಿಚಯದವರ ಗೃಹಪ್ರವೇಶ. ಹೊಸ ಬಡಾವಣೆ, ಎಲ್ಲ ಮನೆಗಳಿಗೂ ಒಂದೇ ಬಣ್ಣ. ಕಾರು ನಿಲ್ಲಿಸಿ ಇಳಿದರೆ ಫುಟ್‌ಪಾತಿನ ಅಂಚಿನಲ್ಲಿ ಒಂದು ನೆಲದ ಅಳಿಲು ಹಿಂಗಾಲ ಮೇಲೆ ಎದ್ದು, ಮುಂಗೈ ಎರಡನ್ನೂ ಎದೆಗೆ ಜೋಡಿಸಿಕೊಂಡು ನಿಂತಿತ್ತು, ತಾನೂ ಆಮಂತ್ರಣ ಸಿಕ್ಕಿಯೇ ಬಂದದ್ದು ಎನ್ನುವ ಹಾಗೆ. ಮಗಳು "ಸೋ ಕ್ಯೂಟ್, ಪಪ್ಪಾ!" ಎಂದು ಫೋನು ತೆಗೆದಳು. ನನ್ನ ಹೆಂಡತಿ ವಸುಧಾ ಅಳಿಲನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಮೂವತ್ತೈದು ವರ್ಷಕ್ಕಿಂತ ಹೆಚ್ಚು ಸಂಸಾರ ಮಾಡಿದವರ ನಡುವೆ ಅಷ್ಟು ಸಾಕು. ಆ ಬಡಾವಣೆ ಇರುವ ಕಡೆಯಲ್ಲೇ ಎಲ್ಲೋ ವಾಲ್ಟರ್ ಎನ್ನುವವರ ಏಪ್ರಿಕಾಟ್ ತೋಟವಿತ್ತು. ಎಂಬತ್ತಾರರ ಬೇಸಿಗೆಯಲ್ಲಿ ನಾವು ಅದರ ಹಿಂದಿನ ಪುಟ್ಟ ಮನೆಯಲ್ಲಿ ಬಾಡಿಗೆಗೆ ಇದ್ದೆವು.

ಆ ವರ್ಷ ಏಪ್ರಿಲ್‌ನಲ್ಲಿ ನನ್ನ ಸೋದರಮಾವ ದೂಮಣ್ಣ ಮಾವ ಆರು ತಿಂಗಳಿಗೆಂದು ಬಂದಿದ್ದರು. ಕಾರ್ಕಳದ ಕಡೆಯ ನಮ್ಮದು ಅಳಿಯಕಟ್ಟಿನ ಕುಟುಂಬ. ಅಪ್ಪನಿಗಿಂತ ಮಾವನ ಮಾತೇ ಮೇಲು. ನನ್ನನ್ನು ಓದಿಸಿದ್ದು, ಹೊಡೆದದ್ದು, ಎಂಜಿನಿಯರಿಂಗಿಗೆ ಸೇರಿಸಿದ್ದು ಎಲ್ಲ ಅವರೇ. ಮೈಸೂರಿನ, ಈರುಳ್ಳಿಯನ್ನೂ ಮುಟ್ಟದ ಮನೆಯ ವಸುಧಾಳನ್ನು ನಾನು ಮದುವೆಯಾದಾಗ "ಹುಡುಗಿ ಒಳ್ಳೆಯವಳೇ, ಪಾಪ, ಹಸಿದುಕೊಂಡಿರ್ತಾಳೆ" ಎಂದಷ್ಟೇ ಹೇಳಿ ಸುಮ್ಮನಾದವರು. ನಮ್ಮ ಮನೆಮಾತು ತುಳು. ಆದರೆ ವಸುಧಾಗೆ ಬಾರದು ಎಂದು ಮಾವ ಬಂದ ದಿನದಿಂದ ನನ್ನ ಹತ್ತಿರವೂ ಕನ್ನಡದಲ್ಲೇ ಮಾತಾಡುತ್ತಿದ್ದರು. ಅದು ಅವರ ದೊಡ್ಡತನ.

ಮೊದಲ ತಿಂಗಳು ಅವರಿಗೆ ನರಕ. ನಾವಿಬ್ಬರೂ ಬೆಳಿಗ್ಗೆ ಆಫೀಸಿಗೆ ಹೋದರೆ ಮಾತಾಡಲು ಜನವಿಲ್ಲ, ನಡೆದು ಹೋಗಲು ಒಂದು ಅಂಗಡಿಯಿಲ್ಲ. ಜಗಲಿಯಂಥ ಮರದ ಮೆಟ್ಟಿಲ ಮೇಲೆ ಕುಳಿತು ಹಳದಿ ಗುಡ್ಡಗಳನ್ನು ನೋಡುತ್ತ, "ಇಲ್ಲಿ ಹುಲ್ಲು ಕೂಡ ಮಳೆಗಾಲ ಮುಗಿದ ಕೂಡಲೇ ಸಾಯ್ತದೆ ಮಾರಾಯ" ಎನ್ನುತ್ತಿದ್ದರು. ಊರಿನ ಬಾವಿಕಟ್ಟೆಯ ಸುದ್ದಿ ಒಂದು ವಾರಕ್ಕೆ ಮುಗಿಯಿತು. ಎರಡನೇ ವಾರ ಟಿಕೆಟಿನ ತಾರೀಕು ಹಿಂದೆ ಮಾಡಲು ಆಗುತ್ತದೆಯೇ ಎಂದು ಕೇಳಿದರು. ಮೂರನೇ ವಾರ ಮತ್ತೆ ಕೇಳಿದರು. ಮಾವ ಮುಖ ಸಣ್ಣದು ಮಾಡಿಕೊಂಡು ಊರಿಗೆ ಹಿಂತಿರುಗುವುದನ್ನು ನೆನೆದರೆ ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಅವರನ್ನು ಉಳಿಸಿದ್ದು ವಾಲ್ಟರ್. ವಾಲ್ಟರ್ ನಮ್ಮ ಮನೆಯೊಡೆಯ, ಎಪ್ಪತ್ತು ದಾಟಿದ ವಿಧುರ. ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿ, ಯುದ್ಧ ಮುಗಿದ ಮೇಲೆ ಇಲ್ಲಿಗೆ ಬಂದು ತೋಟ ಮಾಡಿದವರು. ಅವರ ಸಂಗಡ ಯಾವಾಗಲೂ ಬೆಸ್ಸಿ ಎನ್ನುವ ಕಂದು ಬಣ್ಣದ ಹೆಣ್ಣುನಾಯಿ. ಹೆಂಡತಿ ಸತ್ತ ಮೇಲೆ ಆ ಮನೆಯಲ್ಲಿ ಉಸಿರಾಡುವ ಇನ್ನೊಂದು ಜೀವ ಅದೊಂದೇ. ಒಂದು ದಿನ ವಾಲ್ಟರ್ ನೀರು ಬಿಡುವ ಪೈಪು ಎಳೆಯಲಾರದೆ ಒದ್ದಾಡುತ್ತಿದ್ದಾಗ ಮಾವ ಪಂಚೆ ಎತ್ತಿ ಕಟ್ಟಿಕೊಂಡು ಹೋಗಿ ಇನ್ನೊಂದು ತುದಿ ಹಿಡಿದರಂತೆ. ಅಲ್ಲಿಂದ ಶುರು. ನಾನು ಸಂಜೆ ಬರುವಷ್ಟರಲ್ಲಿ ಇಬ್ಬರೂ ಮೆಟ್ಟಿಲ ಮೇಲೆ ಕುಳಿತು, ಇಡೀ ದಿನದ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನನ್ನೇ ಕಾಯುತ್ತಿದ್ದರು. ಕಾರಿನ ಬಾಗಿಲು ಹಾಕುವ ಮೊದಲೇ "ಸುಧಾಕರಾ, ವಾಲ್ಟರಣ್ಣನಿಗೆ ಕೇಳು..." ಎಂದು ಆರಂಭ. ಟಿಕೆಟಿನ ಮಾತು ನಿಂತುಹೋಯಿತು.

ದುಭಾಷಿ ಕೆಲಸದಲ್ಲಿ ನನಗೊಂದು ಕೈಚಳಕವಿತ್ತು, ಅದರ ಬಗ್ಗೆ ಸ್ವಲ್ಪ ಜಂಭವೂ ಇತ್ತು. "ಇವರ ಮಕ್ಕಳು ಯಾಕೆ ಬರುವುದಿಲ್ಲವಂತೆ, ಜಗಳವಾ?" ಎಂದು ಮಾವ ಕೇಳಿದರೆ ನಾನು ಇಂಗ್ಲಿಷಿನಲ್ಲಿ "ನಿಮಗೆ ಮಕ್ಕಳೆಷ್ಟು?" ಎನ್ನುತ್ತಿದ್ದೆ. "ನಿಮ್ಮ ಕಡೆ ಇಲಿಯನ್ನೂ ಪೂಜೆ ಮಾಡುತ್ತಾರಂತೆ, ನಿಜವೇ?" ಎಂದು ವಾಲ್ಟರ್ ಕೇಳಿದರೆ ಮಾವನಿಗೆ "ಊರಲ್ಲಿ ಇಲಿಕಾಟ ಉಂಟಾ ಅಂತ ಕೇಳ್ತಾರೆ" ಎನ್ನುತ್ತಿದ್ದೆ. ಮುಳ್ಳು ತೆಗೆದು ಮೀನು ಬಡಿಸಿದ ಹಾಗೆ. ಇಬ್ಬರೂ ಒಬ್ಬರನ್ನೊಬ್ಬರು ಬಹಳ ಸಭ್ಯರೆಂದು ತಿಳಿದಿದ್ದರು. ಹೀಗೆ ಸಭ್ಯತೆಯನ್ನು ನಾನೇ ತಯಾರಿಸಿ ಎರಡೂ ಕಡೆ ಹಂಚುತ್ತಿದ್ದೆ.

ಜೂನಿನಲ್ಲಿ ಏಪ್ರಿಕಾಟ್ ಹಣ್ಣಾಗುವ ಹೊತ್ತಿಗೆ ನೆಲದ ಅಳಿಲುಗಳ ಕಾಟ ಹೆಚ್ಚಾಯಿತು. ಬೇರಿನ ಬುಡದಲ್ಲಿ ಬಿಲ, ಏರಿಯ ಒಡಲಲ್ಲಿ ಬಿಲ. ಹಣ್ಣು ಕಚ್ಚಿ ಬಿಸಾಡಿ ಇನ್ನೊಂದಕ್ಕೆ ಬಾಯಿ ಹಾಕುತ್ತಿದ್ದವು. ವಾಲ್ಟರ್ ಅವನ್ನು ಹಟದಿಂದ 'ಗ್ರೌಂಡ್‌ಹಾಗ್' ಎಂದೇ ಕರೆಯುತ್ತಿದ್ದರು. ಗ್ರೌಂಡ್‌ಹಾಗ್ ಎಂದರೆ ಅವರ ಹುಟ್ಟೂರಿನ ಕಡೆ ಹೊಲ ತೋಡುವ, ಬೆಕ್ಕಿಗಿಂತ ದಪ್ಪನೆಯ ಪ್ರಾಣಿ. ಕ್ಯಾಲಿಫೋರ್ನಿಯಾದಲ್ಲಿ ಅದು ಇಲ್ಲ. ಹುಡುಗನಾಗಿದ್ದಾಗ ಅಪ್ಪನ ಸಂಗಡ ಅದರ ಬೇಟೆಗೆ ಹೋಗುತ್ತಿದ್ದ ಅಭ್ಯಾಸಕ್ಕೆ, ಬಿಲದಿಂದ ತಲೆ ಹಾಕಿದ್ದೆಲ್ಲ ಅವರಿಗೆ ಗ್ರೌಂಡ್‌ಹಾಗೇ. ಈಗ ಕಣ್ಣಿಗೆ ಪೊರೆ ಬಂದು ಗುರಿ ಕಾಣುತ್ತಿರಲಿಲ್ಲ. "ನಿನ್ನ ಅಂಕಲ್‌ಗೆ ಬಂದೂಕು ಹಿಡಿದು ಗೊತ್ತೇ?" ಎಂದು ಕೇಳಿದರು.

ಮಾವನಿಗೆ ಇದನ್ನು ಹೇಳಿದಾಗ ಅವರು ನೆಟ್ಟಗೆ ಕುಳಿತರು. ಹಂದಿ, ಮುಳ್ಳುಹಂದಿ ಗದ್ದೆಗೆ ಇಳಿಯದಂತೆ ನಲವತ್ತು ವರ್ಷ ಕೋವಿ ಹಿಡಿದು ಕಾದವರು ಅವರು. ಆದರೂ ಒಂದು ಅನುಮಾನ ಉಳಿದಿತ್ತು.

"ಇದರ ಬೆನ್ನಲ್ಲಿ ಮೂರು ಗೆರೆ ಉಂಟಾ?"

"ಇಲ್ಲ ಮಾವ. ಚುಕ್ಕಿ ಚುಕ್ಕಿ."

"ಹಾಗಾದ್ರೆ ರಾಮನಿಗೆ ಸಂಬಂಧ ಇಲ್ಲ. ಹೋಗುವ."

ಒಂದು ಶನಿವಾರ ಸಂಜೆ ಆರಕ್ಕೆ ಹೊರಟೆವು. ಜೂನಿನ ಬಿಸಿಲು ಎಂಟೂವರೆಯವರೆಗೂ ಇರುತ್ತದೆ. ಆ ಹೊತ್ತಿಗೆ ಪಶ್ಚಿಮದ ಗುಡ್ಡಗಳ ತಲೆಯ ಮೇಲೆ ಮಂಜು ಏರಿ, ತಂಪು ಗಾಳಿ ತೋಟಕ್ಕೆ ಇಳಿಯುತ್ತಿತ್ತು. ವಾಲ್ಟರ್ ಪಿಕಪ್ಪಿನ ಹಿಂದೆ ನಿಂತು, ಸಣ್ಣ ರೈಫಲನ್ನು ಮಾವನ ಕೈಗೆ ಕೊಡುವ ಮೊದಲು ಬೆರಳು ಮಡಿಸಿ ಮಡಿಸಿ ನಿಯಮ ಹೇಳಿದರು. ರಸ್ತೆಯ ಕಡೆಗೆ ಗುಂಡು ಹಾರಿಸಬಾರದು. ನಡೆಯುವಾಗ ಕೋವಿಯಿಂದ ಗುಂಡು ತೆಗೆದಿಟ್ಟುಕೊಳ್ಳಬೇಕು. ಎರಡನ್ನೂ ಮಾವನಿಗೆ ಹೇಳಿದೆ. ಮೂರನೆಯದು ಇದು: "ಸತ್ತದ್ದನ್ನು ಬಿದ್ದಲ್ಲೇ ಬಿಡಲಿ, ಮುಟ್ಟುವುದು ಬೇಡ. ಈ ವಾರ ಬೇಲಿಯುದ್ದಕ್ಕೂ ವಿಷದ ಕಾಳು ಹಾಕಿದ್ದೇನೆ. ನಾಳೆ ಬೆಳಿಗ್ಗೆ ಗುದ್ದಲಿ ತಂದು ನಾನೇ ಹೂಳುತ್ತೇನೆ. ಬೆಸ್ಸಿಯನ್ನು ಅದಕ್ಕೇ ಕಟ್ಟಿಹಾಕಿ ಬಂದೆ."

ಮಾವ ನನ್ನ ಮುಖ ನೋಡಿದರು. "ಎಂತ ಹೇಳ್ತಾರೆ?"

ಗುರಿಯಿಟ್ಟು ಹೊಡೆಯದೆ ವಿಷ ಇಡುವುದು ಎಂದರೆ ಮಾವ ಅಲ್ಲೇ ಒಂದು ಉಪನ್ಯಾಸ ಕೊಡುತ್ತಾರೆಂದು ನನಗೆ ಗೊತ್ತಿತ್ತು. ಅದನ್ನು ನಾನು ಇಂಗ್ಲಿಷಿಗೆ ತಿರುಗಿಸಬೇಕು, ವಾಲ್ಟರ್ ಮುಖ ಸಿಂಡರಿಸುತ್ತಾರೆ, ಬಿಸಿಲು ಇಳಿಯುತ್ತದೆ. ಅಳಿಲು ಹೊಡೆದು ಮನೆಗೆ ನಡೆದರಾಯಿತು, ಅದನ್ನು ಯಾರು ಮುಟ್ಟುತ್ತಾರೆ ಎಂದು ನನ್ನ ಲೆಕ್ಕ. ಆರು ವರ್ಷ ಸೂಪರ್‌ಮಾರ್ಕೆಟ್ಟಿನ ಮಾಂಸ ತಿಂದವನಿಗೆ ಬೇಟೆಗೆ ಆಮೇಲೆ ಎನ್ನುವುದೊಂದಿದೆ ಎಂಬುದೇ ಮರೆತುಹೋಗಿತ್ತು.

"ಜಾಗ್ರತೆ ಅಂತಾರೆ, ಅಷ್ಟೆ" ಎಂದೆ.

ಆ ಸಂಜೆಯಷ್ಟು ಸೊಗಸಾದ ಸಂಜೆಯನ್ನು ಆ ವರ್ಷ ನಾನು ಮತ್ತೆ ಕಾಣಲಿಲ್ಲ, ಇದನ್ನು ಒಪ್ಪಿಕೊಳ್ಳಲೇಬೇಕು. ತೋಟದ ಅಂಚಿನಲ್ಲಿ, ಬಿಲಗಳಿಂದ ಐವತ್ತು ಹೆಜ್ಜೆ ದೂರದಲ್ಲಿ, ಹಣ್ಣಿನ ಪೆಟ್ಟಿಗೆಗಳನ್ನು ಬೋರಲು ಹಾಕಿ ಕುಳಿತೆವು. ವಾಲ್ಟರ್ ಕೈಯಲ್ಲಿ ದುರ್ಬೀನು. ನಮ್ಮನ್ನು ಕಂಡು ಕಾವಲು ಅಳಿಲೊಂದು ಕೀಚ್ ಕೀಚ್ ಎಂದು ಕೂಗಿ ಎಲ್ಲವನ್ನೂ ಒಳಗೆ ಕಳಿಸಿತ್ತು. ಕಾಲು ಗಂಟೆ ಯಾರೂ ಅಲುಗಾಡಲಿಲ್ಲ. ಬಿದ್ದ ಹಣ್ಣು ಹುಳಿಯುವ ವಾಸನೆ, ಎಲ್ಲೋ ದೂರದಲ್ಲಿ ಫ್ರೀವೇಯ ಸದ್ದು. ಆಮೇಲೆ ಒಂದು ತಲೆ, ಎರಡು ತಲೆ. ವಾಲ್ಟರ್ ಬೆರಳು ತೋರಿಸಿದರು. ಮಾವ ಹೊಡೆಯಲಿಲ್ಲ. ಅಳಿಲು ಬಿಲದ ಬಾಯಲ್ಲೇ ಕುಳಿತಿತ್ತು. ಅದು ನಾಲ್ಕು ಮಾರು ಈಚೆ ಬಂದು ಹಣ್ಣಿಗೆ ಕೈ ಹಾಕಿದ ಮೇಲೆಯೇ ಗುಂಡು ಬಿಟ್ಟರು. ಅದು ಇದ್ದಲ್ಲೇ ಒರಗಿತು.

"ಇದೆಂತ ಕೋವಿಯಾ, ಮುದುಕರು ಕೆಮ್ಮಿದ ಹಾಗೆ ಶಬ್ದ" ಎಂದು ರೈಫಲಿನ ನಳಿಗೆ ನೋಡಿ ನಕ್ಕರು.

"ಬಿಲದ ಹತ್ತಿರ ಇದ್ದಾಗಲೇ ಯಾಕೆ ಹೊಡೆಯಲಿಲ್ಲ ಅಂತ ಕೇಳ್ತಾರೆ ಮಾವ."

"ಒಳಗೆ ಬಿದ್ದು ಸತ್ತರೆ ಕೈಗೆ ಸಿಗ್ತದಾ?"

ನಾನು ವಾಲ್ಟರಿಗೆ "ಗುರಿ ಸರಿಯಾಗಲಿ ಎಂದು ಕಾದರಂತೆ" ಎಂದೆ. ಮಾವನ ಆ ಒಂದು ಮಾತನ್ನು ನಾನು ನೆಟ್ಟಗೆ ಕೇಳಿಸಿಕೊಂಡಿದ್ದರೂ ಸಾಕಿತ್ತು. ವಾಲ್ಟರ್ ತಲೆದೂಗಿ, ಇವರು ನಿಜವಾದ ಬೇಟೆಗಾರ ಎಂದರು. ಅದನ್ನು ಮಾತ್ರ ಯಥಾವತ್ತಾಗಿ ತಿರುಗಿಸಿದೆ. ಮಾವನ ಕಿವಿ ಕೆಂಪಾಯಿತು.

ಒಟ್ಟು ಐದು ಬಿದ್ದವು. ಏಳೂವರೆಗೆ ವಾಲ್ಟರಿಗೆ ಮಂಡಿನೋವು ಬಂದು, ರೈಫಲು ತೆಗೆದುಕೊಂಡು ಮಾವನ ಬೆನ್ನು ತಟ್ಟಿ ಮನೆಗೆ ಹೋದರು. ನನಗೆ ಆಫೀಸಿನಿಂದ ಯಾರೋ ಫೋನು ಮಾಡುವವರಿದ್ದರು. "ನೀನು ಹೋಗು, ನಾನು ಸ್ವಲ್ಪ ಗಾಳಿ ಕುಡಿದು ಬರ್ತೇನೆ" ಎಂದರು ಮಾವ.

ಮುಕ್ಕಾಲು ಗಂಟೆಯ ಫೋನು ಮುಗಿಸಿ ಹೊರಗೆ ಬಂದಾಗ ಪಂಪ್‌ಶೆಡ್ಡಿನ ಹಿಂದೆ ಹೊಗೆ ಏಳುತ್ತಿತ್ತು. ಹೋಗಿ ನೋಡಿದರೆ ಮಾವ ನೆಲದ ಮೇಲೆ ಕುಕ್ಕರುಗಾಲಲ್ಲಿ ಕುಳಿತಿದ್ದಾರೆ. ಮೂರು ಕಲ್ಲಿನ ಒಲೆ ಹೊತ್ತಿಕೊಂಡಿದೆ. ಹಳೆಯ ಪೇಪರಿನ ಮೇಲೆ ಐದೂ ಅಳಿಲು ಸುಲಿದು, ತುಂಡು ಮಾಡಿ, ಗುಪ್ಪೆ ಗುಪ್ಪೆಯಾಗಿ ಇಟ್ಟಿದೆ. ಪಕ್ಕದಲ್ಲಿ ಬೆಸ್ಸಿ ಮೂತಿ ನೆಕ್ಕಿಕೊಳ್ಳುತ್ತ ಮಲಗಿದೆ.

"ಬಂದ್ಯಾ? ಇದು ವಾಲ್ಟರಣ್ಣನಿಗೆ, ಜಾಗ ಅವರದ್ದಲ್ವಾ, ಅದಕ್ಕೆ ತೊಡೆ. ಇದು ನಮಗೆ. ವಸುಧಾ ತಿನ್ನುವುದಿಲ್ಲ, ಆದರೂ ಅವಳ ಪಾಲು ಅಂತ ಇಟ್ಟಿದ್ದೇನೆ, ಲೆಕ್ಕಕ್ಕೆ. ನೀನು ಒಳಗಿಂದ ಸ್ವಲ್ಪ ಕಾಳುಮೆಣಸು, ಉಪ್ಪು ತಾ. ಕೊಂದ ಪಾಪ ತಿಂದು ಪರಿಹಾರ."

"ಬೆಸ್ಸಿ ಇಲ್ಲಿಗೆ ಹೇಗೆ ಬಂತು?"

"ನಾನೇ ಬಿಚ್ಚಿ ತಂದೆ. ನಾಯಿಗೆ ಮೊದಲು ಕೊಡದೆ ನಾವು ಬಾಯಿಗೆ ಹಾಕ್ಲಿಕ್ಕೆ ಉಂಟಾ? ಕರುಳು, ತಲೆ ಎಲ್ಲ ಅದಕ್ಕೇ ಕೊಟ್ಟೆ. ಎಷ್ಟು ಖುಷಿಯಲ್ಲಿ ತಿಂತು ಗೊತ್ತುಂಟಾ?"

ವಾಲ್ಟರನ್ನು ಕರೆಯಬೇಕೋ, ಮಾವನಿಗೆ ಹೇಳಬೇಕೋ ಎಂದು ಯೋಚಿಸುತ್ತಿರುವಾಗಲೇ ಬೆಸ್ಸಿ ಎದ್ದಿತು. ಹಿಂಗಾಲು ಮಡಿಸಲು ಬಾರದ ಹಾಗೆ ಸೆಟೆದಿದ್ದವು. ಎರಡು ಹೆಜ್ಜೆ ಇಟ್ಟು ಮಗ್ಗುಲಿಗೆ ಬಿತ್ತು. ಮಾವ "ಅಯ್ಯೋ, ಎಂತ ಆಯ್ತು ಇದಕ್ಕೆ?" ಎಂದು ಕೈ ಮುಂದೆ ಮಾಡಿದರು. ಆ ಸದ್ದಿಗೇ ಅದರ ಇಡೀ ಮೈ ಬಿಲ್ಲಿನ ಹಾಗೆ ಬಗ್ಗಿ ನಡುಗಿತು.

ನಾನು ಕೂಗಿದೆ. ವಾಲ್ಟರ್ ಮಂಡಿನೋವು ಮರೆತು ಓಡಿ ಬಂದರು, ಪೇಪರಿನ ಮೇಲಿನ ಗುಪ್ಪೆಗಳನ್ನು ನೋಡಿದರು, ಎಲ್ಲ ಅರ್ಥವಾಯಿತು. ವಸುಧಾ ಹಾಸಿಗೆಯ ಹೊದಿಕೆ ತಂದು ನಾಯಿಯನ್ನು ಸುತ್ತಿ, "ಕಾರಿನ ಹಿಂದಿನ ಬಾಗ್ಲು ತೆಗೀರಿ" ಎಂದಳು. ಲೈಸೆನ್ಸು ಸಿಕ್ಕಿ ಎರಡು ತಿಂಗಳೂ ಆಗಿರಲಿಲ್ಲ ಅವಳಿಗೆ. ವಾಲ್ಟರ್ ಬೆಸ್ಸಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತರು, ಅವಳು ಊರೊಳಗಿನ ನಾಯಿಡಾಕ್ಟರ ಹತ್ತಿರಕ್ಕೆ ಗಾಡಿ ಬಿಟ್ಟಳು.

ನಾನು, ಮಾವ ಉಳಿದೆವು. ಅವರ ಕೈಯಲ್ಲಿ ಇನ್ನೂ ರಕ್ತವಿತ್ತು.

"ವಿಷವಾ?"

"ಹೌದು ಮಾವ. ಅಳಿಲಿಗೆ ಅಂತ ಕಾಳಿನಲ್ಲಿ ಹಾಕಿದ್ದು. ಅದರ ಹೊಟ್ಟೆಯಲ್ಲಿ ಇದ್ದಿರಬೇಕು."

ಮಾವ ಒಲೆಗೆ ನೀರು ಹೊಯ್ದರು. "ಇದನ್ನು ವಾಲ್ಟರಣ್ಣ ಮೊದಲೇ ಹೇಳಿದ್ರಾ?" ಎಂದರು.

"ಇಲ್ಲ" ಎಂದೆ.

ಯೋಚಿಸಿ ಹೇಳಿದ ಸುಳ್ಳಲ್ಲ ಅದು. ಆದರೆ ಒಂದೂವರೆ ಗಂಟೆ ಬಿಟ್ಟು ವಾಲ್ಟರ್ ಬರಿಗೈಯಲ್ಲಿ ಹಿಂತಿರುಗಿ, ಬೆಸ್ಸಿಗೆ ನಿದ್ದೆಯ ಮದ್ದು ಕೊಟ್ಟು ಕತ್ತಲೆ ಕೋಣೆಯಲ್ಲಿ ಮಲಗಿಸಿದ್ದಾರೆ, ಎರಡು ದಿನ ಕಳೆಯದೆ ಏನೂ ಹೇಳಲಾಗದಂತೆ ಎಂದು ತಿಳಿಸಿ, "ಅವರಿಗೆ ನೀನು ಹೇಳಿದ್ದೆ ತಾನೆ?" ಎಂದು ಕೇಳಿದಾಗ, "ಹೇಳಿದ್ದೆ. ವಯಸ್ಸಾಗಿದೆ, ಮರೆತಿರಬೇಕು" ಎಂದೆನಲ್ಲ, ಅದು ಯೋಚಿಸಿಯೇ ಹೇಳಿದ್ದು.

ಎರಡು ದಿನ ತೋಟದಲ್ಲಿ ಮಾತಿಲ್ಲ. ವಾಲ್ಟರ್ ಒಬ್ಬರೇ ಪೈಪು ಎಳೆದರು. ಮಾವ ಮೆಟ್ಟಿಲಿನ ಮೇಲೂ ಕೂರಲಿಲ್ಲ, ಒಳಗೆ ಗೋಡೆ ನೋಡುತ್ತ ಮಲಗಿದರು. "ನಾಯಿಗೆ ಮೊದಲು ಹಾಕದಿದ್ರೆ ನಾನು, ನೀನು, ಅವರು, ಮೂರು ಜನವೂ ಇವತ್ತು ಇರ್ತಿರಲಿಲ್ಲ. ಅದು ನಮ್ಮ ಪಾಲಿನ ಸಾವು ತಿಂತು" ಎಂದು ಒಮ್ಮೆ ಹೇಳಿದರು. ಇನ್ನೊಮ್ಮೆ, "ವಿಷ ಹಾಕಿ ಬಾಯಿ ಬಿಡದ ಮನುಷ್ಯನ ಜಾಗದಲ್ಲಿ ನನಗೆ ಅನ್ನ ಇಳಿಯುವುದಿಲ್ಲ. ನನ್ನ ಟಿಕೆಟು ಈ ವಾರಕ್ಕೆ ಮಾಡು" ಎಂದರು. ಈ ಸಲ ಅದು ಪ್ರಶ್ನೆಯಾಗಿರಲಿಲ್ಲ.

ಸೋಮವಾರ ರಾತ್ರಿ ಪಾತ್ರೆ ಒರೆಸುತ್ತ ವಸುಧಾ ಮೆಲ್ಲಗೆ ಕೇಳಿದಳು.

"ಅವತ್ತು ಮಾವನಿಗೆ ಎಲ್ಲ ಹೇಳಿದ್ರಾ ನೀವು?"

ನಾನು ಒರೆಸಿದ ಪಾತ್ರೆಗಳನ್ನು ಕಪಾಟಿಗೆ ಜೋಡಿಸಿದೆ.

"ನಿಮ್ಮ ಟ್ರಾನ್ಸ್‌ಲೇಷನ್ನು ನಂಗೊತ್ತಿಲ್ವಾ? ಮದುವೆ ಮಾತಿನ ಹೊತ್ತಲ್ಲಿ ನಮ್ಮಪ್ಪ ಅಂದಿದ್ದೆಲ್ಲ ನಿಮ್ಮ ಮನೆಯವರಿಗೆ ಹೇಗೆ ತಲುಪ್ತು ಅಂತ ನೋಡಿದೀನಿ. ಆವಾಗ ಒಳ್ಳೇದೇ ಆಯ್ತು, ಸರಿ. ಈಗ ನಾನು ಬಾಯಿ ಬಿಡಲ್ಲ. ನೀವೇ ಹೇಳ್ಬೇಕು."

ಹೇಳುತ್ತೇನೆ ಎಂದೆ. ಹೇಳಲಿಲ್ಲ. ಮಾವ ನನ್ನ ಮೇಲೆ ಕೈ ಎತ್ತಿ ಹದಿನೈದು ವರ್ಷ ಆಗಿತ್ತು, ಆದರೂ ಮೂವತ್ತರ ಎಂಜಿನಿಯರನಿಗೆ ಹಳೆಯ ಹೆದರಿಕೆ ಹೋಗಿರಲಿಲ್ಲ. ನಿಜ ಹೇಳಬೇಕೆಂದರೆ ಹೊಡೆತಕ್ಕಲ್ಲ, ಅವರು ನನ್ನನ್ನು ನೋಡುವ ನೋಟ ಬದಲಾದೀತು ಎಂದು ಹೆದರಿದ್ದೆ.

ಮಂಗಳವಾರ ಸಂಜೆ ಕಾರು ನಿಲ್ಲಿಸುವಾಗ ವಾಲ್ಟರ್ ನಮ್ಮ ಮನೆಯ ಕಡೆಗೆ ನಡೆದು ಬರುತ್ತಿದ್ದರು. ಅವರ ಹಿಂದೆ, ಒಂದೊಂದು ಹೆಜ್ಜೆಯನ್ನೂ ಯೋಚಿಸಿ ಇಡುತ್ತ, ಬೆಸ್ಸಿ. ಬದುಕಿತ್ತು! ಆ ಕ್ಷಣ ನನಗೆ ಅಳು ಬಂದದ್ದು ನಿಜ. ಸದ್ದು ಕೇಳಿ ಮಾವ ಬಾಗಿಲಿಗೆ ಬಂದರು. ಬೆಸ್ಸಿಯನ್ನು ನೋಡಿ ಅವರ ಮುಖ ಸಡಿಲವಾಯಿತು, ವಾಲ್ಟರನ್ನು ನೋಡಿ ಮತ್ತೆ ಬಿಗಿಯಿತು.

ವಾಲ್ಟರ್ ನನ್ನ ಕಡೆ ತಿರುಗಿದರು. "ಒಂದೇ ಮಾತು ಕೇಳು. ಮುಟ್ಟಬೇಡಿ, ವಿಷವಿದೆ ಎಂದು ಹೇಳಿದ ಮೇಲೂ ನನ್ನ ನಾಯಿಗೆ ಯಾಕೆ ಹಾಕಿದರು? ನನಗೆ ಅವರು ಅಂಥವರು ಅನ್ನಿಸಿರಲಿಲ್ಲ."

ಮಾವ ಕಾಯುತ್ತಿದ್ದರು. "ಎಂತ ಹೇಳ್ತಾರೆ?"

ನಾಯಿ ಹುಷಾರಾಗಿದೆ ಎಂದು ಹೇಳಲು ಬಂದಿದ್ದಾರೆ ಎನ್ನಬಹುದಿತ್ತು. ನಾಲಗೆಯ ತುದಿಯವರೆಗೆ ಬಂದಿತ್ತು. ಬಾಗಿಲ ಹಿಂದೆ ವಸುಧಾ ನಿಂತಿರುವುದು ನನಗೆ ಗೊತ್ತಿತ್ತು.

"ಮಾವ, ಅವರು ಹೇಳಿದ್ರು. ಬೇಟೆಗೆ ಹೋಗುವ ಮೊದಲೇ ಹೇಳಿದ್ರು, ವಿಷ ಹಾಕಿದ್ದೇನೆ, ಮುಟ್ಟಬೇಡಿ ಅಂತ. ನಾನು ನಿಮಗೆ ಹೇಳಲಿಲ್ಲ. ಆಮೇಲೆ ನೀವು ಕೇಳಿದಾಗ ಸುಳ್ಳು ಹೇಳಿದೆ. ಅವರಿಗೂ ಸುಳ್ಳು ಹೇಳಿದೆ."

ಮಾವ ಕೈ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

"ಇದನ್ನೇ ಈಗ ಅವರ ಭಾಷೆಯಲ್ಲಿ ಹೇಳು" ಎಂದರು. "ನನ್ನ ಎದುರೇ ಹೇಳು. ಒಂದಕ್ಷರ ಬಿಡಬೇಡ."

ಹೇಳಿದೆ. ಇಂಗ್ಲಿಷಿನ ಒಂದು ಪದ ತಿಳಿಯದ ಮಾವ ನನ್ನ ತುಟಿಯನ್ನೇ ನೋಡುತ್ತ ನಿಂತರು, ಎಲ್ಲಿ ಬಿಟ್ಟೆನೋ ಎಂದು ಹಿಡಿಯುವವರ ಹಾಗೆ. ನಾಯಿಗೆ ಮೊದಲ ಪಾಲು ಕೊಡುವ ನಮ್ಮ ಕಡೆಯ ಕ್ರಮವನ್ನೂ ಹೇಳಿದೆ. ವಾಲ್ಟರ್ ಎಲ್ಲವನ್ನೂ ಕೇಳಿ ಟೋಪಿ ತೆಗೆದರು. ನನ್ನ ಕಡೆ ನೋಡಲಿಲ್ಲ. ಮಾವ ಮೆಟ್ಟಿಲು ಇಳಿದು ಬೆಸ್ಸಿಯ ಮುಂದೆ ಕುಳಿತು, ಎರಡೂ ಅಂಗೈಯನ್ನು ಅದರ ಮೂತಿಯ ಹತ್ತಿರ ಹಿಡಿದರು. ಅದು ಮೂಸಿ ನೋಡಿತು, ಆಮೇಲೆ ನೆಕ್ಕಿತು. ಮಾವ ಏಳಲು ತಡವರಿಸಿದಾಗ ವಾಲ್ಟರ್ ತೋಳು ಕೊಟ್ಟರು. ಇಬ್ಬರೂ ತೋಟದ ಕಡೆ ಹೊರಟರು. ನಾನೂ ಹೆಜ್ಜೆ ಹಾಕಿದೆ.

"ನೀನು ಬೇಡ" ಎಂದರು ಮಾವ, ತಿರುಗದೆ.

ಟಿಕೆಟಿನ ತಾರೀಕು ಬದಲಾಗಲಿಲ್ಲ. ಅಕ್ಟೋಬರಿನವರೆಗೂ ಮಾವ ಇದ್ದರು, ನನ್ನ ಸಂಗಡ ಊಟ ಮಾಡಿದರು, ಊರಿನ ಸುದ್ದಿ ಆಡಿದರು, ಬೈದರು ಕೂಡ. ಆದರೆ ಸಂಜೆ ನಾನು ಕಾರು ನಿಲ್ಲಿಸುವಾಗ ಯಾರೂ ನನಗಾಗಿ ಕಾಯುತ್ತಿರಲಿಲ್ಲ. ಇಬ್ಬರೂ ಹಣ್ಣು ಒಣಗಿಸುವ ತಟ್ಟೆಗಳ ಹತ್ತಿರ ಕುಳಿತು, ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಇಂಗ್ಲಿಷಿನಲ್ಲಿ, ಕೈ ಬಾಯಿ ತಿರುಗಿಸುತ್ತ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಏನು ಮಾತು, ಎಷ್ಟು ಅರ್ಥವಾಯಿತು, ದೇವರೇ ಬಲ್ಲ. ಜಗಳವನ್ನೂ ಆಡುತ್ತಿದ್ದರು, ಅದನ್ನು ಬಿಡಿಸಲು ಯಾರೂ ಬೇಕಾಗಿರಲಿಲ್ಲ.

ಆಗಸ್ಟಿನ ಒಂದು ಸಂಜೆ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ತಡೆಯಲಾರದೆ ಹತ್ತಿರ ಹೋಗಿ, "ಎಂತ ಮಾವ, ಎಂತದ್ದು?" ಎಂದು ಕೇಳಿದೆ.

"ಎಂತ ಇಲ್ಲ" ಎಂದರು ಮಾವ.

ವಾಲ್ಟರ್ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. ಮಾವ ಹೇಳಿದ್ದು ನನಗೆ ತಿಳಿಯಲಿಲ್ಲವೇನೋ ಎಂದುಕೊಂಡು, ನಿಧಾನವಾಗಿ ಬಿಡಿಸಿ ಹೇಳಿದರು: "ನಥಿಂಗ್."